ಪುಟ್ಟ ಕಾರುಗಳ ದೊಡ್ಡ ಬೆಲೆ

2023ರ ನವೆಂಬರಿನಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಬರ್ಮಿಂಗ್‌ಹ್ಯಾಮ್ ನಗರದ ಹೊರವಲಯದ ದೊಡ್ಡ ಪ್ರದರ್ಶನ ಕೇಂದ್ರದಲ್ಲಿ ಹಳೆಯ ಕಾರುಗಳ ಮೇಳವೊಂದು ನಡೆಯುತ್ತಿತ್ತು. ಅಳಿಯನ ಒತ್ತಾಯಕ್ಕೆ ನಾನೂ ಹೋದೆ. ಇಂಥ ಕಡೆ ಏನಿರುತ್ತದೆಂಬುದು ಎಲ್ಲರಿಗೂ ತಿಳಿದದ್ದೇ: ಶ್ರೀಮಂತರು ಏರಿ ಮೆರೆದ ರೋಲ್ಸ್‌ರಾಯ್ಸ್‌ಗಳು, ಉದ್ದ ಮೂತಿಯ ಜಾಗ್ವಾರ್‌ಗಳು, ಹಿತ್ತಾಳೆಯ ದೀಪಗಳು ಫಳಫಳಿಸುವ ಶತಮಾನದ ಹಿಂದಿನ ಬಂಡಿಗಳು. ಅವೆಲ್ಲ ಇದ್ದವು. ಆದರೆ ಜನ ಗುಂಪುಗೂಡಿದ್ದುದು ಬೇರೊಂದು ಕಡೆ. ಇಣುಕಿ ನೋಡಿದರೆ, ಮಖಮಲ್ಲಿನ ಹಗ್ಗದ ಆವರಣದೊಳಗೆ ಗಿಡ್ಡನೆಯ ಒಂದು ಕೆಂಪು ಕಾರು ನಿಂತಿತ್ತು. ಮುಂದೆ ಒಂದು ಹಲಗೆ: 'ದಯವಿಟ್ಟು ಮುಟ್ಟಬೇಡಿ.'

ಅದನ್ನು ಓದಿ ನನಗೆ ನಗು ಬಂತು. ನಗುವಿನ ಜೊತೆಗೆ ಮತ್ತೇನೋ ಒಂದು ಗಂಟಲಿನಲ್ಲಿ ಸಿಕ್ಕಿಕೊಂಡಿತು. ಏಕೆಂದರೆ ಅದೇ ಕಾರನ್ನು, ಅಂದರೆ ಅದೇ ಬಣ್ಣದ ಅದೇ ಮಾದರಿಯನ್ನು, ನಾನು 1989ರಿಂದ 1991ರವರೆಗೆ ಅದೇ ಊರಿನ ಬೀದಿಯೊಂದರ ಬದಿಯಲ್ಲಿ, ಮಳೆಗೂ ಹಿಮಕ್ಕೂ ಒಡ್ಡಿ ನಿಲ್ಲಿಸಿಕೊಂಡಿದ್ದೆ. ಅದರ ಹಿಂಬಾಗಿಲನ್ನೆತ್ತಿ ಅಕ್ಕಿಯ ಚೀಲ, ಬಟ್ಟೆಯ ಗಂಟು, ಒಮ್ಮೆ ಗೆಳೆಯನೊಬ್ಬನ ಮಂಚವನ್ನು ಸಹ ತುಂಬಿಸಿದ್ದೆ. ಮುಟ್ಟಬಾರದ ವಸ್ತುವಾಗಿ ಅದನ್ನು ಯಾರೂ ಕಲ್ಪಿಸಿರಲಿಲ್ಲ, ಅದನ್ನು ಮಾಡಿದವರು ಕೂಡ. ಅಂಥದ್ದು ಹಗ್ಗದ ಒಳಗೆ ಸೇರಿದ್ದು ಹೇಗೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಹೆಸರಿನ ವಿಚಾರ. ಬೆನ್ನಿನ ಕಡೆ ಮೇಲಕ್ಕೆತ್ತುವ ಬಾಗಿಲಿರುವ, ಸಾಮಾನಿನ ಡಿಕ್ಕಿ ಬೇರೆಯಾಗಿ ಹೊರಚಾಚದ ಸಣ್ಣ ಕಾರನ್ನು ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ನಮ್ಮ ಮಾರುತಿ 800 ಅದೇ ಜಾತಿಯದು. ಇಂಥ ಸಾಧುವಾದ ಸಂಸಾರದ ಕಾರಿಗೆ ದೊಡ್ಡ ಎಂಜಿನು, ಬಿಗಿಯಾದ ಸ್ಪ್ರಿಂಗು, ಅಗಲವಾದ ಚಕ್ರ ಕೊಟ್ಟು ಪಂದ್ಯದ ಕುದುರೆಯ ಗುಣವನ್ನು ತುಂಬಿದರೆ ಅದು 'ಹಾಟ್ ಹ್ಯಾಚ್' ಆಗುತ್ತದೆ. ನಮ್ಮ ಮಾತಿನಲ್ಲಿ 'ಬಿಸಿ ಹ್ಯಾಚು' ಎನ್ನಬಹುದೇನೋ. ಎರಡು ಆಸನದ ಕ್ರೀಡಾಕಾರು ಉಳ್ಳವರ ಆಟಿಕೆಯಾಗಿತ್ತು. ಬಿಸಿ ಹ್ಯಾಚು ಹಾಗಲ್ಲ. ವಾರದ ಐದು ದಿನ ಕಚೇರಿಗೆ, ಶನಿವಾರ ಸಂತೆಗೆ, ಭಾನುವಾರ ಬೆಟ್ಟದ ತಿರುವುಗಳಿಗೆ. ಒಂದೇ ಕಾರು, ಒಂದೇ ಸಾಲದ ಕಂತು. ಮೇಷ್ಟರು, ಗುಮಾಸ್ತರು, ಕಾರ್ಖಾನೆಯ ಕೆಲಸಗಾರರು ಕೂಡ ಕನಸಬಹುದಾದ ವೇಗ ಅದು.

ಇದರ ವಂಶವೃಕ್ಷವನ್ನು ಹುಡುಕಿದರೆ ವಿಚಿತ್ರವೊಂದು ಕಾಣುತ್ತದೆ. ಅಭಾವದ ಕಾಲದಲ್ಲೇ ಇದರ ಬೇರು ಇಳಿದಿದೆ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಬ್ರಿಟನ್ನಿಗೆ ಪೆಟ್ರೋಲು ಸಾಲದಾಗಿ ಪಡಿತರ ಬಂತು. ಕಡಮೆ ಕುಡಿಯುವ ಪುಟ್ಟ ಕಾರೊಂದು ಬೇಕೆಂದು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರನಿಗೆ ಅಪ್ಪಣೆಯಾಯಿತು. ಸ್ಮರ್ನಾದಲ್ಲಿ ಹುಟ್ಟಿ ನಿರಾಶ್ರಿತನಾಗಿ ಇಂಗ್ಲೆಂಡಿಗೆ ಬಂದಿದ್ದ ಆತ ಎಂಜಿನನ್ನು ಅಡ್ಡಲಾಗಿ ಮಲಗಿಸಿ, ಮುಂದಿನ ಚಕ್ರಗಳಿಗೇ ಶಕ್ತಿಯನ್ನು ಹಾಯಿಸಿ, ಹತ್ತಡಿ ಉದ್ದದ ಕಾರಿನಲ್ಲಿ ನಾಲ್ಕು ಜನರನ್ನು ಕೂರಿಸಿದ. 1959ರಲ್ಲಿ ಹೊರಬಂದ ಮಿನಿ ಅದು. ಪಂದ್ಯದ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಇದನ್ನು ಓಡಿಸಿ ನೋಡಿ ಇದರೊಳಗಿನ ಚುರುಕನ್ನು ಗುರುತಿಸಿದ. 1961ರಲ್ಲಿ ಮಿನಿ ಕೂಪರ್ ಬಂತು. 1964, 1965 ಮತ್ತು 1967ರಲ್ಲಿ ಮಾಂಟಿ ಕಾರ್ಲೊ ರಾಲಿ ಪಂದ್ಯದಲ್ಲಿ ತನಗಿಂತ ಎಷ್ಟೋ ಬಲವಾದ ಕಾರುಗಳನ್ನು ಹಿಂದೆ ಹಾಕಿ ಗೆದ್ದಿತು. ಮಿನಿಗೆ ಎತ್ತುವ ಹಿಂಬಾಗಿಲು ಇರಲಿಲ್ಲವಾದ್ದರಿಂದ ಶಾಸ್ತ್ರಕ್ಕೆ ಅದು ಹ್ಯಾಚ್‌ಬ್ಯಾಕ್ ಅಲ್ಲ. ಆದರೆ ಸಣ್ಣದೂ ಹಗುರವೂ ಆದದ್ದು ದೊಡ್ಡದನ್ನು ಮಣಿಸಬಲ್ಲದೆಂಬ ಪಾಠವನ್ನು ಅದು ಕಲಿಸಿತು. ಹಿಂಬಾಗಿಲು ಬಂದದ್ದು ಫ್ರಾನ್ಸಿನಿಂದ. 1961ರ ರೆನೊ 4 ಹಳ್ಳಿಯ ರೈತನಿಗೂ ಪಟ್ಟಣದ ಗೃಹಿಣಿಗೂ ಒಪ್ಪುವಂತೆ ಮಾಡಿದ ಕಾರು. ಅದರ ಬೆನ್ನು ಪೂರ್ತಿಯಾಗಿ ತೆರೆಯುತ್ತಿತ್ತು.

ಎರಡನೆಯ ಅಭಾವ 1973ರದು. ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದವು, ಬೆಲೆ ಹಲವು ಪಟ್ಟು ಏರಿತು. ಪಶ್ಚಿಮ ಜರ್ಮನಿಯಲ್ಲಿ ಆ ವರ್ಷದ ನವೆಂಬರ್, ಡಿಸೆಂಬರ್ ತಿಂಗಳುಗಳ ನಾಲ್ಕು ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿದರು. ವೇಗಕ್ಕೆ ಮಿತಿಯೇ ಇಲ್ಲದ ಹೆದ್ದಾರಿಗಳಲ್ಲಿ ಜನ ನಡೆದುಕೊಂಡು ಹೋದರು, ಸೈಕಲ್ ತುಳಿದರು. ಫೋಕ್ಸ್‌ವ್ಯಾಗನ್ ಸಂಸ್ಥೆಯ ಹಳೆಯ ಜೀರುಂಡೆ ಕಾರಿನ ಆಯಸ್ಸು ಮುಗಿಯುತ್ತಾ ಬಂದಿತ್ತು; 1974ರಲ್ಲಿ ಸಂಸ್ಥೆಗೆ 80 ಕೋಟಿ ಮಾರ್ಕುಗಳಿಗೂ ಮೀರಿದ ನಷ್ಟ. ಇಟಲಿಯ ಜುಜಾರೊ ರೂಪ ಕೊಟ್ಟ ಗಾಲ್ಫ್ ಎಂಬ ಹೊಸ ಹ್ಯಾಚ್‌ಬ್ಯಾಕಿನ ಮೇಲೆ ಇಡೀ ಸಂಸ್ಥೆಯ ಬದುಕು ನಿಂತಿತ್ತು. ವೇಗವೆಂಬ ಮಾತನ್ನೆತ್ತುವುದೇ ಅವಿವೇಕವೆನಿಸುವ ಕಾಲ.

ಆ ಅವಿವೇಕವನ್ನು ಮಾಡಿದವನು ಆಲ್ಫೊನ್ಸ್ ಲೋವೆನ್‌ಬರ್ಗ್ ಎಂಬ ಪರೀಕ್ಷಾ ವಿಭಾಗದ ಎಂಜಿನಿಯರು. ಅವನು ಕೆಲವು ಸಹೋದ್ಯೋಗಿಗಳಿಗೆ ಒಂದು ಟಿಪ್ಪಣಿ ಕಳುಹಿಸಿದ: ನಾವು ಒಂದು ಚುರುಕಾದ ಕಾರನ್ನು ಏಕೆ ಮಾಡಬಾರದು? ಹೆಚ್ಚಿನವರು ಉತ್ತರಿಸಲಿಲ್ಲ. ಉತ್ತರಿಸಿದ ಕೆಲವರು ಮೇಲಧಿಕಾರಿಗಳ ಕಣ್ಣು ತಪ್ಪಿಸಿ ಸೇರತೊಡಗಿದರು. ಸಂಸ್ಥೆಯ ಪ್ರಚಾರಾಧಿಕಾರಿ ಆಂಟನ್ ಕೊನ್ರಾಡನ ಮನೆಯಲ್ಲಿಯೂ ಈ ಕೂಟ ನಡೆಯಿತು. ಕದ್ದು ಸಾಹಿತ್ಯ ಗೋಷ್ಠಿ ನಡೆಸುವವರ ಕಥೆಯನ್ನು ನಾವು ಕೇಳಿದ್ದೇವೆ. ಇದು ಕದ್ದು ಕಾರು ಮಾಡಿದವರ ಕಥೆ. ಕೊನೆಗೆ ಅನುಮತಿ ಸಿಕ್ಕಿ, 1975ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಗಾಲ್ಫ್ ಜಿ.ಟಿ.ಐ. ಕಾಣಿಸಿಕೊಂಡಿತು, 1976ರ ಬೇಸಿಗೆಯಲ್ಲಿ ಮಾರಾಟಕ್ಕೆ ಬಂತು. 1.6 ಲೀಟರಿನ ಎಂಜಿನು, ಇಂಧನವನ್ನು ಚಿಮ್ಮಿಸಿ ಊಡುವ ಆಗಿನ ಹೊಸ ಏರ್ಪಾಡು, 110 ಅಶ್ವಶಕ್ತಿ. ಸಾಮಾನ್ಯ ಗಾಲ್ಫಿನ ಚಿಕ್ಕ ಎಂಜಿನಿಗೆ ಅದರ ಅರ್ಧಕ್ಕಿಂತ ಕಡಮೆ. ಗಂಟೆಗೆ 180 ಕಿಲೋಮೀಟರನ್ನು ಮೀರಿದ ವೇಗ. ಬೆಲೆ 13,850 ಮಾರ್ಕು.

ಅದರ ಒಳಗಿನ ಅಲಂಕಾರದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಬಟ್ಟೆ, ಬಣ್ಣಗಳ ವಿಭಾಗದಲ್ಲಿದ್ದ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬಾಕೆ ಮೂಲತಃ ಪಿಂಗಾಣಿ ಪಾತ್ರೆಗಳ ಮೇಲೆ ಚಿತ್ರ ಬರೆಯುವುದನ್ನು ಕಲಿತವಳು. ಲಂಡನ್ನಿನಲ್ಲಿ ಕಂಡ ಚೌಕುಳಿ ಬಟ್ಟೆಗಳ ನೆನಪಿನಿಂದ ಆಸನಗಳಿಗೆ ಕೆಂಪು, ಕಪ್ಪು, ಬೂದಿಯ ಚೌಕುಳಿಯನ್ನು ಆರಿಸಿದಳು. ಗೇರಿನ ಕೋಲಿನ ತಲೆಗೆ ಗಾಲ್ಫ್ ಚೆಂಡನ್ನೇ ಕೂರಿಸಿದರೆ ಹೇಗೆ ಎಂದು ತಮಾಷೆಗೆಂಬಂತೆ ಹೇಳಿದಳು, ಅದೂ ಉಳಿಯಿತು. ಗಂಡಸರ ಲೋಕವೆಂದು ಬೀಗುತ್ತಿದ್ದ ವೇಗದ ಕಾರುಗಳಿಗೆ ಒಂದು ಮನೆಯ ಕಳೆಯನ್ನು ತಂದವಳು ಆಕೆ. ಇಂದು ಹರಾಜಿನಲ್ಲಿ ಹಳೆಯ ಜಿ.ಟಿ.ಐ. ಬಂದಾಗ ಕೊಳ್ಳುವವರು ಎಂಜಿನಿಗಿಂತ ಮೊದಲು ನೋಡುವುದು ಆ ಮೂಲ ಬಟ್ಟೆ ಉಳಿದಿದೆಯೇ ಎಂಬುದನ್ನು.

ಪಂದ್ಯದ ನಿಯಮಕ್ಕೆ ಬೇಕಾದ 5,000 ಕಾರುಗಳನ್ನು ಮಾರಿ ಮುಗಿಸಬೇಕೆಂಬುದು ಸಂಸ್ಥೆಯ ಲೆಕ್ಕ. ಆ ಮೊದಲ ಪೀಳಿಗೆಯೊಂದರಲ್ಲೇ ಮಾರಾಟವಾದದ್ದು 4,61,690. ಬಿಸಿ ಹ್ಯಾಚಿನ ಮೊದಲಿಗ ಗಾಲ್ಫೇ ಎಂದು ಜರ್ಮನರು ಹೇಳಿದರೆ ಫ್ರೆಂಚರು ಒಪ್ಪುವುದಿಲ್ಲ. ಅವರ ರೆನೊ 5 ಆಲ್ಪೀನ್ ಕೂಡ ಅದೇ 1976ರದು, ಕೆಲವು ತಿಂಗಳು ಮುಂಚಿತವಾದದ್ದು. ಇಟಲಿಯವರು 1971ರ ಆಟೊಬಿಯಾಂಕಿ ಅಬಾರ್ತ್ ಕಡೆಗೆ ಬೆರಳು ತೋರಿಸುತ್ತಾರೆ. ಆದಿಕವಿ ಯಾರೆಂಬ ವಾದ ಕಾರುಗಳಿಗೂ ತಪ್ಪಿದ್ದಲ್ಲ.

ಕಾವ್ಯದ ಮಾತು ಬಂದದ್ದರಿಂದ ಹೇಳುತ್ತೇನೆ: ಈ ಪ್ರಕಾರದ ಮಹಾಕೃತಿ ಯಾವುದೆಂದು ಕೇಳಿದರೆ ಬಹುಮಂದಿ ಪ್ಯೂಜೊ 205 ಜಿ.ಟಿ.ಐ. ಎನ್ನುತ್ತಾರೆ. ಅದೂ ಸಂಕಟದ ಕೂಸೇ. 1978ರಲ್ಲಿ ಕ್ರೈಸ್ಲರ್ ಸಂಸ್ಥೆಯ ಯೂರೋಪಿನ ವ್ಯವಹಾರವನ್ನು ಕೊಂಡು ಪ್ಯೂಜೊ ಸಾಲದಲ್ಲಿ ಮುಳುಗುತ್ತಿತ್ತು. 1983ರಲ್ಲಿ ಬಂದ 205 ಅದನ್ನು ಎತ್ತಿ ನಿಲ್ಲಿಸಿತು. 1998ರ ವರೆಗೆ ಆ ಮಾದರಿಯ 52 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಜಿ.ಟಿ.ಐ. ಬಂದದ್ದು 1984ರಲ್ಲಿ, 1.6 ಲೀಟರು, 105 ಅಶ್ವಶಕ್ತಿ, 1986ರಲ್ಲಿ 1.9 ಲೀಟರು, 130 ಅಶ್ವಶಕ್ತಿ. 1985 ಮತ್ತು 1986ರಲ್ಲಿ ವಿಶ್ವ ರಾಲಿ ಪಟ್ಟವನ್ನು ಗೆದ್ದ ಪ್ಯೂಜೊ 205ಕ್ಕೂ ಬೀದಿಯ 205ಕ್ಕೂ ಮುಖಲಕ್ಷಣವೊಂದನ್ನು ಬಿಟ್ಟರೆ ಹೆಚ್ಚು ಸಂಬಂಧವಿರಲಿಲ್ಲ; ಆದರೆ ಹರೆಯಕ್ಕೆ ಮುಖಲಕ್ಷಣವೇ ಸಾಕು.

ಅದನ್ನು ಓಡಿಸಿದ ಅನುಭವವನ್ನು ಹೇಳಬೇಕಾದರೆ ಎರಡು ಮಾತು ತಾಂತ್ರಿಕವಾಗಿಯೇ ಹೇಳಬೇಕು. ಆ ಕಾರು ಒಂಬೈನೂರು ಕಿಲೋಗ್ರಾಮನ್ನೂ ತೂಗುತ್ತಿರಲಿಲ್ಲ. ಇಂದಿನ ಸಣ್ಣ ಕಾರುಗಳು ಸಹ ಅದಕ್ಕಿಂತ ಕೆಲವು ನೂರು ಕಿಲೋ ಭಾರ. ಹಗುರವಾದ್ದರಿಂದ ಸಾಧಾರಣ ಶಕ್ತಿಯೇ ಅಗಾಧವೆನಿಸುತ್ತಿತ್ತು. ಕೈಯ ಚಕ್ರಕ್ಕೆ ಯಂತ್ರದ ನೆರವಿರಲಿಲ್ಲ. ರಸ್ತೆಯ ಒಂದೊಂದು ಹರಳೂ ಅಂಗೈಗೆ ಬಂದು ತನ್ನ ಸುದ್ದಿ ಹೇಳುತ್ತಿತ್ತು. ಅದಕ್ಕೊಂದು ಕೆಟ್ಟ ಗುಣವೂ ಇತ್ತು. ತಿರುವಿನ ನಡುವೆ ಬೆದರಿ ವೇಗದ ಪೆಡಲಿನಿಂದ ಕಾಲು ತೆಗೆದರೆ, ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರಗಳು ಹಗುರಾಗಿ ನೆಲದ ಹಿಡಿತ ಸಡಿಲುತ್ತದೆ. ಬಾಲವು ಜಾರಿ ತಲೆಯನ್ನು ಹಿಂದೆ ಹಾಕಲು ಹವಣಿಸುತ್ತದೆ. ತಿಳಿದವನಿಗೆ ಅದೊಂದು ವಿದ್ಯೆ, ತಿಳಿಯದವನಿಗೆ ಬೇಲಿ. ಹೆದರಿ ಹಿಂದೆಗೆದವನನ್ನೇ ದಂಡಿಸುವ ಕಾರು ಅದು. ಒದ್ದೆ ರಸ್ತೆಗಳ ಆ ನಾಡಿನಲ್ಲಿ ಎಷ್ಟು 205ಗಳು ಬೇಲಿಗೆ ಹಿಂಬದಿಯಿಂದ ನುಗ್ಗಿದವೋ ಬಲ್ಲವರಾರು!

ನಾನು ಹೊರೆ ಹೊತ್ತುಕೊಂಡೇ ಅದನ್ನು ಕೊಂಡದ್ದು. 1986ರಲ್ಲಿ ಎಂಜಿನಿಯರಿಂಗ್ ಓದಿಗೆಂದು ಹೋದವನು ಅಲ್ಲೇ ಕೆಲಸಕ್ಕೆ ನಿಂತಿದ್ದೆ. ಮೂರು ವರ್ಷ ಕೂಡಿಸಿದ್ದಕ್ಕೆ ಸಾಲವನ್ನು ಸೇರಿಸಿ, ನಾಲ್ಕು ವರ್ಷ ಹಳೆಯದಾದ 1.6 ಲೀಟರಿನ ಕೆಂಪು 205 ಜಿ.ಟಿ.ಐ. ತಂದೆ. ಊರಿಗೆ ಕಳುಹಿಸಬೇಕಾದ ಹಣವದು ಎಂಬ ಅಳುಕು ಇಲ್ಲದಿರಲಿಲ್ಲ. ಅಪ್ಪನಿಗೆ ಬರೆದ ಕಾಗದದಲ್ಲಿ 'ಸಣ್ಣ ಕಾರೊಂದನ್ನು ಕೊಂಡಿದ್ದೇನೆ' ಎಂದಷ್ಟೇ ಬರೆದೆ. ಅದು ಸುಳ್ಳಾಗಿರಲಿಲ್ಲ.

ನಮ್ಮ ಬೀದಿಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನಿದ್ದ. ಭಾನುವಾರ ನಾನು ಕಾರು ತೊಳೆಯುವ ಹೊತ್ತಿಗೆ ಬಂದು ನಿಲ್ಲುತ್ತಿದ್ದ. ಮೊದಲ ದಿನವೇ 'ಇದು 1.9 ಅಲ್ಲ ಅಲ್ಲವೇ?' ಎಂದು ಕೊಂಚ ನಿರಾಶೆಯಿಂದ ಕೇಳಿದ. ನನ್ನ ಕಾರಿನ ವಿಚಾರ ನನಗಿಂತ ಅವನಿಗೆ ಹೆಚ್ಚು ತಿಳಿದಿತ್ತು. ಎಂಜಿನಿನ ಮುಚ್ಚಳ ತೆಗೆದು ತೋರಿಸಿದರೆ ಗರ್ಭಗುಡಿಯನ್ನು ನೋಡುವವರಂತೆ ಕೈಕಟ್ಟಿ ನಿಲ್ಲುವನು. ಒಮ್ಮೆ ಚಾಲಕನ ಆಸನದಲ್ಲಿ ಕೂರಲೇ ಎಂದ. ಕೂರಿಸಿದೆ. ಒಳಗಿನ ಕೆಂಪು ರತ್ನಗಂಬಳಿಯ ಮೇಲೆ ಕಾಲಿಟ್ಟುಕೊಂಡು, ಎರಡು ಕೈಯಲ್ಲೂ ಚಕ್ರವನ್ನು ಹಿಡಿದು, ಏನೂ ಮಾತಾಡದೆ ಬಹಳ ಹೊತ್ತು ಕೂತಿದ್ದ. ಅವನ ತಂದೆಗೆ ಕೆಲಸ ಹೋಗಿ ವರ್ಷಗಳಾಗಿದ್ದವೆಂದು ಆಮೇಲೆ ತಿಳಿಯಿತು.

ಇಲ್ಲಿಂದ ಕಥೆಗೆ ಇನ್ನೊಂದು ಮಗ್ಗುಲಿದೆ. ಹಳೆಯ ಕಾರುಗಳ ಪ್ರಿಯರು ಬರೆಯುವ ನೆನಪುಗಳಲ್ಲಿ ಇದು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಕಾಲದ ಕಾರುಗಳ ಬೀಗಗಳು ಬಲು ದುರ್ಬಲವಾಗಿದ್ದವು. ಸೆಕೆಂಡುಗಳಲ್ಲಿ ತೆಗೆಯಬಲ್ಲ ಹುಡುಗರಿದ್ದರು. ಹಗುರವೂ ವೇಗವೂ ಆದ ಬಿಸಿ ಹ್ಯಾಚುಗಳೇ ಅವರಿಗೆ ಅಚ್ಚುಮೆಚ್ಚು. ಕೆಲಸವಿಲ್ಲದ ಬಡಾವಣೆಗಳಲ್ಲಿ ಕದ್ದ ಕಾರನ್ನು ನೆರೆದವರ ಮುಂದೆ ಗಿರಗಿರನೆ ತಿರುಗಿಸಿ ಟೈರು ಸುಡುವುದು ಒಂದು ಆಟವಾಯಿತು. ಆಕ್ಸ್‌ಫರ್ಡ್ ಎಂದರೆ ವಿದ್ಯಾಪೀಠವನ್ನಷ್ಟೇ ನೆನೆಯುವ ನಮಗೆ ಅದೇ ಊರಿನ, ಕಾರು ಕಾರ್ಖಾನೆಯ ಮಗ್ಗುಲಿನ ಬ್ಲ್ಯಾಕ್‌ಬರ್ಡ್ ಲೀಸ್ ಬಡಾವಣೆಯ ಪರಿಚಯವಿರುವುದಿಲ್ಲ. 1991ರ ಬೇಸಿಗೆಯಲ್ಲಿ ಅಲ್ಲಿ ಇಂಥ ಪ್ರದರ್ಶನಗಳು ನಡೆದು, ಪೊಲೀಸರು ತಡೆಯಲು ಹೋದಾಗ ಗಲಭೆಯಾಯಿತು. ಅದೇ ಸೆಪ್ಟೆಂಬರಿನಲ್ಲಿ ಟೈನ್ ನದಿಯ ಸೀಮೆಯಲ್ಲಿ, ಕದ್ದ ಕಾರಿನಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿದ್ದ ಇಬ್ಬರು ಯುವಕರು ಸತ್ತರು; ಅದರ ಹಿಂದೆಯೇ ದಂಗೆ ಎದ್ದು ಕಟ್ಟಡಗಳು ಉರಿದವು. 1992ರಲ್ಲಿ ಪಾರ್ಲಿಮೆಂಟು ಇಂಥ ಕಳವಿಗೆಂದೇ ಹೊಸ ಕಾನೂನು ತಂದಿತು.

ನನ್ನ ಕಾರು ಹೋದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಬೆಳಗ್ಗೆ ಎದ್ದು ನೋಡಿದರೆ ಅದು ನಿಲ್ಲುತ್ತಿದ್ದ ಕಡೆ ಗಾಜಿನ ಚೂರುಗಳು ಬಿದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಪೊಲೀಸರಿಂದ ಸುದ್ದಿ ಬಂತು: ನಾಲ್ಕು ಮೈಲಿ ಆಚೆ, ಒದ್ದೆ ತಿರುವೊಂದರಲ್ಲಿ, ಮರಕ್ಕೆ ಹಿಂಬದಿಯಿಂದ ಬಡಿದಿದೆ, ಒಳಗಿದ್ದ ಇಬ್ಬರಲ್ಲಿ ಒಬ್ಬನಿಗೆ ಪೆಟ್ಟಿಲ್ಲ, ಓಡಿಸುತ್ತಿದ್ದವನ ಕಾಲು ಎರಡು ಕಡೆ ಮುರಿದಿದೆ. ಓಡಿಸುತ್ತಿದ್ದವನು ನಮ್ಮ ಬೀದಿಯ ಹುಡುಗ. ಆಗ ಅವನಿಗೆ ಹದಿನಾರು. ತಿರುವಿನಲ್ಲಿ ಹೆದರಿ ಕಾಲು ತೆಗೆದಿರಬೇಕು. ಆ ಕಾರಿನ ಎಲ್ಲ ವಿವರಗಳನ್ನೂ ಬಲ್ಲ ಹುಡುಗನಿಗೆ ಪುಸ್ತಕದಲ್ಲಿ ಸಿಗದ ಆ ಒಂದು ಮಾತನ್ನು ನಾನಾದರೂ ಹೇಳಬಹುದಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆಗ ಅನ್ನಿಸಿದ್ದು ಸಿಟ್ಟು ಮಾತ್ರ. ಕೂರಿಸಿಕೊಂಡೆನಲ್ಲ, ಮುಚ್ಚಳ ತೆಗೆದು ತೋರಿಸಿದೆನಲ್ಲ ಎಂಬ ಅವಮಾನ ಬೆರೆತ ಸಿಟ್ಟು. ಆಸ್ಪತ್ರೆಗೆ ಹೋಗಿ ನೋಡೋಣವೇ ಎಂದು ಒಂದು ಸಂಜೆ ಅನ್ನಿಸಿದ್ದುಂಟು, ಹೋಗಲಿಲ್ಲ. ಮುಂದಿನ ವರ್ಷ ಆ ಮನೆಯವರು ಬೇರೆಲ್ಲಿಗೋ ಹೋದರು.

ವಿಮೆಯ ಹಣ ಬಂತು. ಅದರ ಜೊತೆಗೇ, ಮತ್ತೆ ಇಂಥದೇ ಕಾರು ಕೊಂಡರೆ ವರ್ಷಕ್ಕೆ ಇಷ್ಟು ಕಟ್ಟಬೇಕೆಂಬ ಪತ್ರವೂ ಬಂತು. ಆ ಮೊತ್ತವನ್ನು ನೋಡಿ, ನನ್ನಂಥ ಸಾವಿರಾರು ಜನ ಮಾಡಿದ್ದನ್ನೇ ಮಾಡಿದೆ: ಯಾರೂ ಕದಿಯಲು ಇಚ್ಛಿಸದ ಒಂದು ಕಾರನ್ನು ಕೊಂಡೆ. ಬಿಸಿ ಹ್ಯಾಚುಗಳ ಮೊದಲ ಯುಗ ಮುಗಿದದ್ದು ಹೀಗೆ. ಪಂದ್ಯದಲ್ಲಿ ಸೋತು ಅಲ್ಲ, ವಿಮೆಯ ಕಾಗದದಲ್ಲಿ. ಕೀಲಿ ಸರಿಯಿಲ್ಲದಿದ್ದರೆ ಎಂಜಿನು ಹೊತ್ತದಂತೆ ತಡೆಯುವ ಸಾಧನ ಯೂರೋಪಿನ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದದ್ದು 1998ರಲ್ಲಿ. ಅಷ್ಟು ಹೊತ್ತಿಗೆ ಹಳೆಯವು ಅನಾಥವಾಗಿದ್ದವು. ತುಕ್ಕು ಹಿಡಿದವು ಗುಜರಿಗೆ ಹೋದವು. ತುಕ್ಕು ಹಿಡಿಯದವನ್ನು ಹುಡುಗರು ಬೇಲಿಗೆ ಬಡಿದರು. ಉಳಿದವುಗಳ ಎಂಜಿನು ಕಿತ್ತು ಬೇರೆ ಕಾರಿಗೆ ಹಾಕಿದರು. ತೊಂಬತ್ತರ ದಶಕದ ಕೊನೆಯಲ್ಲಿ, ಓಡುವ ಸ್ಥಿತಿಯ 205 ಜಿ.ಟಿ.ಐ. ಸಾವಿರ ಪೌಂಡಿನ ಆಸುಪಾಸಿಗೆ ಸಿಗುತ್ತಿತ್ತು. ಕೇಳುವವರಿರಲಿಲ್ಲ.

ನಮ್ಮಲ್ಲಿ ಅಜ್ಜಿಯ ಕಾಲದ ಹಿತ್ತಾಳೆಯ ಹಂಡೆ, ತಾಮ್ರದ ಕೊಳದಪ್ಪಲೆಗಳನ್ನು ತೂಕಕ್ಕೆ ಹಾಕಿ ಸ್ಟೀಲಿನ ಪಾತ್ರೆ ತಂದುಕೊಂಡ ಕಾಲವೊಂದಿತ್ತಲ್ಲ, ಇದೂ ಹಾಗೆಯೇ. ಎಲ್ಲರ ಮನೆಯಲ್ಲೂ ಇದ್ದಾಗ ಹಂಡೆಗೆ ಬೆಲೆಯಿರಲಿಲ್ಲ. ನೂರು ಮನೆಯವರು ಮಾರಿಕೊಂಡದ್ದರಿಂದಲೇ ನೂರೊಂದನೆಯ ಮನೆಯ ಹಂಡೆಗೆ ಹೋಟೆಲಿನ ಮೊಗಸಾಲೆಯಲ್ಲಿ ಪೀಠ ದೊರೆಯಿತು. ಉಳಿದದ್ದರ ಬೆಲೆಯನ್ನು ನಿಶ್ಚಯಿಸುವುದು ಅಳಿದದ್ದು. ಹಾಗೆ ನೋಡಿದರೆ ನಮ್ಮ ಬೀದಿಯ ಆ ಹುಡುಗ ಮರಕ್ಕೆ ಬಡಿದ ನನ್ನ ಕಾರು ಕೂಡ, ಹಗ್ಗದೊಳಗಿನ ಆ ಕಾರಿನ ಬೆಲೆಗೆ ತನ್ನ ಪಾಲಿನ ಕಾಣಿಕೆಯನ್ನು ಸಲ್ಲಿಸಿದೆ.

ಅಪರೂಪವಾದದ್ದೆಲ್ಲ ಅಮೂಲ್ಯವಾಗುವುದಿಲ್ಲ, ಬಯಸುವವರೂ ಇರಬೇಕು. ಆ ಬಯಕೆಗೆ ಒಂದು ಗಣಿತವಿದೆ. ಹದಿನೆಂಟರಲ್ಲಿ ಗೋಡೆಗೆ ಅಂಟಿಸಿದ ಚಿತ್ರವನ್ನು ಮನುಷ್ಯ ಐವತ್ತರಲ್ಲಿ ಕೊಳ್ಳುತ್ತಾನೆ. ಮನೆಸಾಲ ತೀರಿರುತ್ತದೆ, ಮಕ್ಕಳು ದೂರವಾಗಿರುತ್ತಾರೆ, ಮಂಡಿ ನೋಯತೊಡಗಿರುತ್ತದೆ. ಎಂಬತ್ತರ ದಶಕದ ಹುಡುಗರು ಐವತ್ತನ್ನು ಮುಟ್ಟುತ್ತಿದ್ದಂತೆ, ಅಂದರೆ 2010ರ ನಂತರದ ವರ್ಷಗಳಲ್ಲಿ, ಬಿಸಿ ಹ್ಯಾಚುಗಳ ಬೆಲೆ ಏರತೊಡಗಿತು. ಸಾವಿರದ ಕಾರು ಹತ್ತು ಸಾವಿರವಾಯಿತು. ಚೊಕ್ಕಟವಾಗಿ ಉಳಿದವು ಅದರ ಇಮ್ಮಡಿಯನ್ನೂ ದಾಟಿದವು. ಕಾನೂನೂ ಒತ್ತಾಸೆಯಾಯಿತು. ಬ್ರಿಟನ್ನಿನಲ್ಲಿ ನಲವತ್ತು ವರ್ಷ ತುಂಬಿದ ಕಾರು 'ಐತಿಹಾಸಿಕ' ಎನಿಸಿಕೊಳ್ಳಬಹುದು. ಅದಕ್ಕೆ ರಸ್ತೆ ತೆರಿಗೆಯಿಲ್ಲ, ವರ್ಷ ವರ್ಷದ ತಪಾಸಣೆಯೂ ಕಡ್ಡಾಯವಲ್ಲ. 1984ರ ಮೊದಲ ಪ್ಯೂಜೊ ಜಿ.ಟಿ.ಐ.ಗಳು ಈಗ ಆ ಪಂಕ್ತಿಗೆ ಸೇರಿವೆ. ಅಮೆರಿಕದಲ್ಲಿ ಇಪ್ಪತ್ತೈದು ವರ್ಷ ತುಂಬಿದ ವಿದೇಶಿ ಕಾರನ್ನು ಅಲ್ಲಿನ ಸುರಕ್ಷತಾ ನಿಯಮಗಳ ಕಟ್ಟಿಲ್ಲದೆ ತರಿಸಿಕೊಳ್ಳಬಹುದು. ಅಲ್ಲಿ ಎಂದೂ ಮಾರಾಟವಾಗದ 205ಕ್ಕೆ ಸಾಗರದಾಚೆಯೂ ಅಭಿಮಾನಿಗಳು ಹುಟ್ಟಿದರು.

ಈ ಏರಿಕೆಯ ಶಿಖರವೆಂದು ಎಲ್ಲರೂ ಹೇಳುವ ಘಟನೆ 2022ರ ಆಗಸ್ಟಿನದು. ರಾಜಕುಮಾರಿ ಡಯಾನಾ 1985ರಿಂದ 1988ರವರೆಗೆ ತಾನೇ ಓಡಿಸುತ್ತಿದ್ದ ಕಪ್ಪು ಬಣ್ಣದ ಫೋರ್ಡ್ ಎಸ್ಕಾರ್ಟ್ ಆರ್.ಎಸ್. ಟರ್ಬೊ ಸಿಲ್ವರ್‌ಸ್ಟೋನಿನ ಹರಾಜಿನಲ್ಲಿ 6,50,000 ಪೌಂಡಿಗೆ ಹೋಯಿತು; ಹರಾಜುದಾರರ ಶುಲ್ಕ ಬೇರೆ. ಆ ಮಾದರಿ ಬಿಳಿ ಬಣ್ಣದಲ್ಲಿ ಬರುತ್ತಿತ್ತು; ಜನರ ಕಣ್ಣಿಗೆ ಬೀಳದಿರಲೆಂದು ಆಕೆಯದನ್ನು ಕಪ್ಪಾಗಿಸಿದ್ದರು. ಅಂಗರಕ್ಷಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಂಡನ್ನಿನ ಅಂಗಡಿಬೀದಿಗಳಿಗೆ ತಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದ ಆ ತರುಣಿಗೆ, ಅರಮನೆಯ ಉದ್ದ ಕಾರುಗಳಲ್ಲಿ ಸಿಗದ ಏನೋ ಒಂದು ಕಾರ್ಖಾನೆಯ ಹುಡುಗರು ಮೆಚ್ಚುತ್ತಿದ್ದ ಈ ಕಾರಿನಲ್ಲಿ ಸಿಕ್ಕಿರಬೇಕು. ಆ ಬೆಲೆ ಕಾರಿನದಲ್ಲ, ಆಕೆಯ ನೆನಪಿನದು ಎನ್ನುವುದು ಸರಿ. ಆದರೆ ಹರಾಜಿನ ಪಟ್ಟಿಯಲ್ಲಿ ಹೆಮ್ಮೆಯಿಂದ ನಮೂದಿಸಿದ್ದ ಮತ್ತೊಂದು ಸಂಗತಿಯಿದೆ: ಅದು ಅಷ್ಟು ವರ್ಷಗಳಲ್ಲಿ ಓಡಿದ್ದು 25,000 ಮೈಲಿಯೂ ಇಲ್ಲ. ಇಂದಿನ ಪೇಟೆಯ ನಿಯಮವೇ ಇದು. ಓಡಲೆಂದು ಹುಟ್ಟಿದ ಕಾರಿಗೆ ಓಡದಿದ್ದುದೇ ಯೋಗ್ಯತೆ.

ಕಾರು ಮಾಡುವವರಿಗೂ ಈ ಹಂಬಲದ ಸುಳಿವು ಸಿಕ್ಕಿದೆ. ಸಣ್ಣ ಬಿಸಿ ಹ್ಯಾಚುಗಳು ಒಂದೊಂದಾಗಿ ನಿಂತುಹೋಗುತ್ತಿವೆ. ಫೋರ್ಡ್ ಫಿಯೆಸ್ಟಾದ ತಯಾರಿಕೆ 2023ರಲ್ಲಿ ಕೊನೆಗೊಂಡಿತು. ಅದೇ ಹೊತ್ತಿಗೆ ರೆನೊ 5 ಎಂಬ ಹಳೆಯ ಹೆಸರು, ಹಳೆಯ ಮುಖ 2024ರಲ್ಲಿ ವಿದ್ಯುತ್ ಕಾರಾಗಿ ಮರಳಿ ಬಂತು. ಮೊದಲ ರೆನೊ 5ರ ರೂಪವನ್ನು ಬಿಡುವಿನ ವೇಳೆಯಲ್ಲಿ ಗೀಚಿದ ಮಿಶೆಲ್ ಬೂಯೆ ಎಂಬ ಕಲಾವಿದ ತನ್ನ ಕೃತಿಯ ಯಶಸ್ಸನ್ನು ಕಾಣುವ ಮುನ್ನವೇ ತೀರಿಕೊಂಡ. ಅರ್ಧ ಶತಮಾನದ ನಂತರವೂ ಅವನ ಗೆರೆಗಳು ಮಾರಾಟವಾಗುತ್ತಿವೆ. ನಮ್ಮ ದೇಶಕ್ಕೆ ಗಾಲ್ಫ್ ಜಿ.ಟಿ.ಐ. ಬಂದದ್ದು 2025ರಲ್ಲಿ, ಆಮದಿನ ಮೂಲಕ; ಆಗಿನ ಬೆಲೆ ಸುಮಾರು 53 ಲಕ್ಷ ರೂಪಾಯಿ. ಮೊದಲ 150 ಕಾರುಗಳನ್ನು ಬೆಲೆ ಪ್ರಕಟವಾಗುವ ಮುನ್ನವೇ ಜನ ಕಾದಿರಿಸಿದರು. ಗುಮಾಸ್ತನ ಕನಸಾಗಿದ್ದುದು ನಮ್ಮ ದೇಶಕ್ಕೆ ಬರುವಷ್ಟರಲ್ಲಿ ಸಿರಿವಂತನ ಸಂಗ್ರಹವಾಯಿತು.

ಆಸ್ಟ್ರಿಯಾ ದೇಶದ ವೋರ್ಥರ್‌ಸೇ ಎಂಬ ಸರೋವರದ ದಡದಲ್ಲಿ ರೈಫ್ನಿಟ್ಸ್ ಎಂಬ ಹಳ್ಳಿಯಿದೆ. ಗಾಲ್ಫ್ ಜಿ.ಟಿ.ಐ. ಪ್ರಿಯರು 1982ರಲ್ಲಿ ಅಲ್ಲಿ ಮೊದಲ ಸಲ ಸೇರಿದರು. ವರ್ಷ ವರ್ಷಕ್ಕೆ ಅದು ಲಕ್ಷಾಂತರ ಜನರ ಜಾತ್ರೆಯಾಯಿತು. ಗದ್ದಲ, ಹೊಗೆ, ರಾತ್ರಿಯಿಡೀ ಟೈರಿನ ಚೀರಾಟ ತಾಳಲಾರದೆ ಅಲ್ಲಿನ ಪುರಸಭೆಯೇ 2023ರಲ್ಲಿ ಆ ಜಾತ್ರೆಗೆ ಮಂಗಳ ಹಾಡಿತು. ಜಾತ್ರೆ ಹೋದರೂ ಒಂದು ವಿಗ್ರಹ ಉಳಿದಿದೆ: 1987ರಲ್ಲಿ ಅಲ್ಲಿ ನಿಲ್ಲಿಸಿದ, ಕಗ್ಗಲ್ಲಿನಲ್ಲಿ ಕೆತ್ತಿದ ಗಾಲ್ಫ್ ಕಾರು. ಅದರ ಚಿತ್ರವನ್ನು ನೋಡಿದಾಗ ನನಗೆ ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥದ ನೆನಪಾಯಿತು. ಒಂದು ಕಾಲಕ್ಕೆ ಆ ರಥದ ಚಕ್ರಗಳು ತಿರುಗುತ್ತಿದ್ದವಂತೆ; ನೋಡಬಂದವರೆಲ್ಲ ತಿರುಗಿಸಿ ಸವೆದೀತೆಂದು ಅವನ್ನು ಬಂಧಿಸಿದರಂತೆ. ಉಳಿಸಿಕೊಳ್ಳುವುದು ಎಂದರೆ ಬಹುಶಃ ಅಷ್ಟೇ. ಚಲಿಸುವುದನ್ನು ನಿಲ್ಲಿಸುವುದು. ಅದು ತಪ್ಪೆಂದು ನಾನು ಹೇಳಲಾರೆ. ನಿಲ್ಲಿಸದಿದ್ದರೆ ನಮಗೆ ನೋಡಲೂ ಸಿಗುತ್ತಿರಲಿಲ್ಲ. ಆದರೆ ನಿಂತ ರಥವನ್ನು ನೋಡುವಾಗ, ಓಡಿದ ರಥಗಳನ್ನೂ ಅವುಗಳ ಚಕ್ರಕ್ಕೆ ಸಿಕ್ಕವರನ್ನೂ ಮರೆತರೆ ಅದು ಚರಿತ್ರೆಯಾಗುವುದಿಲ್ಲ, ಬರಿಯ ಅಲಂಕಾರವಾಗುತ್ತದೆ.

ಮತ್ತೆ ಆ ಮೇಳಕ್ಕೆ ಬರುತ್ತೇನೆ. ಹಗ್ಗದ ಬಳಿ ನಾನು ಬಹಳ ಹೊತ್ತು ನಿಂತದ್ದನ್ನು ಕಂಡು ಕಾರಿನ ಒಡೆಯ ಹತ್ತಿರ ಬಂದ. ಐವತ್ತು ವರ್ಷದ ಆಸುಪಾಸಿನ ಸೌಮ್ಯ ಮುಖದ ಮನುಷ್ಯ. ನನಗೂ ಇಂಥದೊಂದು ಇತ್ತು ಎಂದೆ. ಏನಾಯಿತು ಎಂದ. ಕಳುವಾಯಿತು ಎಂದೆ. ಅವನು ತಲೆದೂಗಿ, 'ಆಗ ಎಲ್ಲರದೂ ಕಳುವಾಗುತ್ತಿತ್ತು' ಎಂದ. ಆಮೇಲೆ ಹಗ್ಗದ ಕೊಕ್ಕೆಯನ್ನು ಬಿಚ್ಚಿ, ಬಾಗಿಲು ತೆಗೆದು, 'ಬನ್ನಿ, ಒಮ್ಮೆ ಕೂತುಕೊಳ್ಳಿ' ಎಂದ. ಕೂತೆ. ಕೆಂಪು ರತ್ನಗಂಬಳಿ ಹಾಗೆಯೇ ಇತ್ತು. ಎರಡು ಕೈಯಲ್ಲೂ ಚಕ್ರವನ್ನು ಹಿಡಿದೆ. ಮಾತು ಹೊರಡಲಿಲ್ಲ. ನಮ್ಮ ಬೀದಿಯ ಆ ಹುಡುಗನಿಗೂ ಈಗ ಇದೇ ವಯಸ್ಸಲ್ಲವೇ ಎಂಬುದು ಹೊಳೆದದ್ದು ಆಗ. ಅವನು ಎಲ್ಲಿದ್ದಾನೋ, ಕಾಲು ಸರಿಹೋಯಿತೋ ಇಲ್ಲವೋ, ಇಂಥ ಮೇಳಗಳಿಗೆ ಬರುತ್ತಾನೋ ಏನೋ. ಬಂದಿದ್ದರೆ ಅವನೂ ಹಗ್ಗದ ಆಚೆ ನಿಂತು ನೋಡಿರುತ್ತಾನೆ. ಅವನನ್ನೂ ಯಾರಾದರೂ ಒಳಗೆ ಕರೆದು ಕೂರಿಸಿರಲಿ ಎಂದು ಹಾರೈಸಿದೆ. ಮೂವತ್ತೆರಡು ವರ್ಷದ ಹಿಂದೆ ಒಂದು ಸಂಜೆ ಆಸ್ಪತ್ರೆಗೆ ಹೋಗದೆ ಉಳಿದವನು ಈಗ ಮಾಡಬಹುದಾದದ್ದು ಅಷ್ಟೇ.

(ಬಾನುಲಿಯಲ್ಲಿ ಪ್ರಸಾರವಾದ ಭಾಷಣದ ಬರಹರೂಪ)